ಏಕಾದಶಿಯ ಮರುದಿನ ತಂದೆಯವರ ರಕ್ತದೊತ್ತಡ ಕುಸಿಯುತ್ತಿದೆ: ಮೂತ್ರಪಿಂಡದ ಹಾರ್ಮೋನಿಗೂ ಇದಕ್ಕೂ ಏನು ಸಂಬಂಧ?

ಪ್ರಶ್ನೆ: ಕುಂಜಿಬೆಟ್ಟಿನ ಮಗಳು, ಉಡುಪಿ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ 68 ವರ್ಷ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ತೋಟ ನೋಡಿಕೊಳ್ಳುವುದು, ಸಂಜೆ ಮಠದ ಪ್ರವಚನಕ್ಕೆ ಹೋಗುವುದು, ಕರೆ ಬಂದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು, ಇಷ್ಟರಲ್ಲೇ ಅವರ ದಿನ ಕಳೆಯುತ್ತದೆ. ಐದು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಲೆಂದು ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ 168/98 ಇರುವುದು ಗೊತ್ತಾಯಿತು. ಒಂದು ವಾರ ಮನೆಯಲ್ಲಿ ಅಳೆದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ವೈದ್ಯರು ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಮಿಲಿಗ್ರಾಂ ಸೇರಿರುವ ಒಂದೇ ಮಾತ್ರೆಯನ್ನು ಪ್ರತಿದಿನ ಬೆಳಿಗ್ಗೆ ತೆಗೆದುಕೊಳ್ಳಲು ಬರೆದುಕೊಟ್ಟರು. ಈಗ ಸಾಮಾನ್ಯ ದಿನಗಳಲ್ಲಿ 130/80ರ ಆಸುಪಾಸಿನಲ್ಲಿದೆ.

ತೊಂದರೆ ಕಾಣಿಸಿಕೊಳ್ಳುವುದು ಏಕಾದಶಿಯ ಮರುದಿನ. ತಂದೆಯವರು ಉಪನಯನವಾದಂದಿನಿಂದ ಏಕಾದಶಿ ತಪ್ಪಿಸಿದವರಲ್ಲ. ದಶಮಿಯಂದು ಒಪ್ಪೊತ್ತು ಊಟ, ಏಕಾದಶಿಯಂದು ನೀರೂ ಇಲ್ಲದ ಉಪವಾಸ, ದ್ವಾದಶಿಯ ಬೆಳಿಗ್ಗೆ ಪಾರಣೆ. ಮಾತ್ರೆ ಆರಂಭಿಸಿದ ಮೇಲೆ ಮೂರು ದ್ವಾದಶಿಗಳಲ್ಲಿ ಅವರಿಗೆ ಬೆಳಿಗ್ಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಿದೆ. ಕಳೆದ ಬಾರಿ ಬಾವಿಕಟ್ಟೆಯ ಬಳಿ ಸ್ನಾನಕ್ಕೆಂದು ಹೋದವರು ಕಂಬ ಹಿಡಿದು ಕುಳಿತುಬಿಟ್ಟರು. ನಾನು ಓಡಿಹೋಗಿ ಅಳೆದು ನೋಡಿದರೆ ಕುಳಿತಲ್ಲಿ 104/66, ನಿಂತಾಗ 86/58. ಐವತ್ತಕ್ಕೂ ಹೆಚ್ಚು ವರ್ಷ ಉಪವಾಸ ಮಾಡಿದವರಿಗೆ ಹಿಂದೆಂದೂ ಹೀಗಾಗಿರಲಿಲ್ಲ.

ಮಾತ್ರೆಯ ವಿಷಯ ವಿವರಿಸುವಾಗ ವೈದ್ಯರು, ‘ಇದು ಕಿಡ್ನಿಯಿಂದ ಹೊರಡುವ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ’ ಎಂದಿದ್ದರು. ಹೊರಗೆ ನೂಕುನುಗ್ಗಲಿದ್ದ ಕಾರಣ ಹೆಚ್ಚು ಕೇಳಲಾಗಲಿಲ್ಲ. ತಂದೆಯವರು ಅಂದಿನಿಂದ ನನ್ನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ‘ನನ್ನ ಕಿಡ್ನಿ ಸರಿಯಾಗಿದೆ ಎಂದು ವರದಿ ಹೇಳುತ್ತದೆ. ಸರಿಯಾಗಿರುವ ಕಿಡ್ನಿ ಬಿ.ಪಿ. ಏರಿಸುವ ಹಾರ್ಮೋನನ್ನು ಏಕೆ ಮಾಡುತ್ತದೆ? ಅದನ್ನು ತಡೆದರೆ ಕಿಡ್ನಿಗೆ ಕೇಡಲ್ಲವೇ?’ ಮಾತ್ರೆ ಆರಂಭಿಸುವ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ 1.0, ಸೋಡಿಯಂ 141, ಪೊಟ್ಯಾಸಿಯಂ 3.3 ಇತ್ತು. ಮುಂದಿನ ಭೇಟಿಗೆ ಇನ್ನೂ ಹನ್ನೆರಡು ದಿನಗಳಿವೆ, ಅದಕ್ಕೂ ಮೊದಲೇ ಇನ್ನೊಂದು ಏಕಾದಶಿ ಬರುತ್ತದೆ. ಮೂತ್ರಪಿಂಡದ ಈ ಹಾರ್ಮೋನು ಹೇಗೆ ಕೆಲಸ ಮಾಡುತ್ತದೆ, ಉಪವಾಸಕ್ಕೂ ಈ ಕುಸಿತಕ್ಕೂ ಸಂಬಂಧವಿದೆಯೇ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.


ಉತ್ತರ: ನಿವೃತ್ತ ಶರೀರಶಾಸ್ತ್ರ ಅಧ್ಯಾಪಕ, ಮಂಗಳೂರು

ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ತೊಡಗುತ್ತೇನೆ. ಮೂತ್ರಪಿಂಡಕ್ಕೆ ರಕ್ತದೊತ್ತಡ ಬೇಕು. ಒತ್ತಡವಿಲ್ಲದಿದ್ದರೆ ಅದಕ್ಕೆ ತನ್ನ ಕೆಲಸವನ್ನೇ ಮಾಡಲಾಗುವುದಿಲ್ಲ. ಎರಡೂ ಮೂತ್ರಪಿಂಡಗಳು ಸೇರಿ ಸುಮಾರು 300 ಗ್ರಾಂ ತೂಗುತ್ತವೆ, ಆದರೆ ಹೃದಯ ಹೊರದೂಡುವ ರಕ್ತದ ಐದರಲ್ಲಿ ಒಂದು ಪಾಲು ಅವಕ್ಕೇ ಹೋಗುತ್ತದೆ. ದಿನವೊಂದಕ್ಕೆ ಅವು ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಟ್ಟು, ಉಳಿದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ಈ ಸೋಸುವಿಕೆಯನ್ನು ನಡೆಸುವ ಶಕ್ತಿ ರಕ್ತದ ಒತ್ತಡದ್ದೇ. ಆದ್ದರಿಂದ ಒತ್ತಡ ಇಳಿಯುತ್ತಿದೆಯೇ ಎಂದು ಕ್ಷಣಕ್ಷಣಕ್ಕೂ ಗಮನಿಸುವ ವ್ಯವಸ್ಥೆಯನ್ನು ಮೂತ್ರಪಿಂಡ ತನ್ನೊಳಗೇ ಇಟ್ಟುಕೊಂಡಿದೆ.

ಪ್ರತಿಯೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ಅವುಗಳಿಗೆ ನೆಫ್ರಾನ್ ಎಂದು ಹೆಸರು. ಪ್ರತಿ ನೆಫ್ರಾನಿಗೂ ಒಂದು ಪುಟ್ಟ ಅಪಧಮನಿ ರಕ್ತವನ್ನು ತರುತ್ತದೆ, ಇನ್ನೊಂದು ಹೊರಗೊಯ್ಯುತ್ತದೆ, ನಡುವೆ ಇರುವ ನವುರಾದ ರಕ್ತನಾಳಗಳ ಉಂಡೆಯಲ್ಲಿ ಸೋಸುವಿಕೆ ನಡೆಯುತ್ತದೆ. ರಕ್ತ ತರುವ ನಾಳದ ಗೋಡೆಯಲ್ಲಿ ಕೆಲವು ವಿಶೇಷ ಜೀವಕೋಶಗಳು ರೆನಿನ್ ಎಂಬ ವಸ್ತುವನ್ನು ಕಣಗಳ ರೂಪದಲ್ಲಿ ತುಂಬಿಟ್ಟುಕೊಂಡಿರುತ್ತವೆ. ಮೂರು ಸಂದರ್ಭಗಳಲ್ಲಿ ಅವು ಅದನ್ನು ರಕ್ತಕ್ಕೆ ಬಿಡುತ್ತವೆ. ನಾಳದ ಗೋಡೆಯ ಮೇಲಿನ ಹಿಗ್ಗು ಕಡಿಮೆಯಾದಾಗ, ಅಂದರೆ ಒತ್ತಡ ಇಳಿದಾಗ. ಸೋಸಿದ ದ್ರವ ಕೊಳವೆಯಲ್ಲಿ ಮುಂದೆ ಸಾಗಿ ಅದೇ ನಾಳದ ಪಕ್ಕಕ್ಕೆ ಬರುವಲ್ಲಿ ಉಪ್ಪಿನ ಅಂಶ ಕಡಿಮೆಯೆಂದು ಅಲ್ಲಿನ ಕೋಶಗಳಿಗೆ ತಿಳಿದಾಗ. ಮತ್ತು ಗಾಬರಿ, ರಕ್ತಸ್ರಾವ, ಥಟ್ಟನೆ ಎದ್ದು ನಿಲ್ಲುವುದು ಮುಂತಾದ ಸಮಯದಲ್ಲಿ ನರಗಳು ಸೂಚನೆ ಕೊಟ್ಟಾಗ.

ಕಟ್ಟುನಿಟ್ಟಾಗಿ ಹೇಳುವುದಾದರೆ ರೆನಿನ್ ಒಂದು ಕಿಣ್ವ. ಯಕೃತ್ತು ತಯಾರಿಸಿ ರಕ್ತದಲ್ಲಿ ಬಿಟ್ಟಿರುವ ಆಂಜಿಯೋಟೆನ್ಸಿನೋಜೆನ್ ಎಂಬ ದೊಡ್ಡ ಪ್ರೋಟೀನಿನ ತುದಿಯಿಂದ ಹತ್ತು ಅಮೈನೋ ಆಮ್ಲಗಳ ತುಣುಕೊಂದನ್ನು ಅದು ಕತ್ತರಿಸುತ್ತದೆ. ಈ ತುಣುಕಿಗೆ ಆಂಜಿಯೋಟೆನ್ಸಿನ್ 1 ಎಂದು ಹೆಸರು, ಅದಕ್ಕೆ ತಾನಾಗಿ ಹೆಚ್ಚಿನ ಬಲವಿಲ್ಲ. ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳ ಒಳಪದರದಲ್ಲಿರುವ ಎಸಿಇ ಎಂಬ ಇನ್ನೊಂದು ಕಿಣ್ವವು ಅದರಿಂದ ಎರಡು ಅಮೈನೋ ಆಮ್ಲಗಳನ್ನು ಕಳಚಿದಾಗ ಎಂಟರ ಸರಪಳಿ ಉಳಿಯುತ್ತದೆ. ಅದೇ ಆಂಜಿಯೋಟೆನ್ಸಿನ್ 2. ಒತ್ತಡ ಏರಿಸುವ ನಿಜವಾದ ಶಕ್ತಿ ಇದರದ್ದು. ರಕ್ತದಲ್ಲಿ ಇದರ ಆಯುಸ್ಸು ಒಂದೆರಡು ನಿಮಿಷಗಳಷ್ಟೇ ಆದರೂ ಅಷ್ಟರಲ್ಲಿ ಇದು ಮಾಡುವ ಕೆಲಸ ಬಹಳ. ದೇಹದ ಸಣ್ಣ ಅಪಧಮನಿಗಳನ್ನು ಬಿಗಿಯುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಮೂತ್ರವನ್ನು ಗಟ್ಟಿಗೊಳಿಸಿ ನೀರುಳಿಸುವ ಹಾರ್ಮೋನನ್ನು ಮೆದುಳಿನಿಂದ ಬಿಡಿಸುತ್ತದೆ, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಹಾರ್ಮೋನನ್ನು ಹೊರಡಿಸುತ್ತದೆ. ಈ ಆಲ್ಡೋಸ್ಟೆರೋನ್ ಮರಳಿ ಮೂತ್ರಪಿಂಡಕ್ಕೇ ಬಂದು, ‘ಸೋಡಿಯಂ ಉಳಿಸು, ಪೊಟ್ಯಾಸಿಯಂ ಬಿಡು’ ಎಂದು ಹೇಳುತ್ತದೆ. ನಾಳಗಳು ಬಿಗಿಯುವುದಕ್ಕೆ ಕೆಲವೇ ಕ್ಷಣಗಳು ಸಾಕು. ಆಲ್ಡೋಸ್ಟೆರೋನಿನ ಕೆಲಸ ಜೀವಕೋಶದೊಳಗೆ ಹೊಸ ಪ್ರೋಟೀನು ತಯಾರಾಗುವುದರ ಮೂಲಕ ನಡೆಯುವುದರಿಂದ ಅದಕ್ಕೆ ಗಂಟೆಗಳು ಬೇಕು.

ಇನ್ನೊಂದು ಕೆಲಸವನ್ನು ನಮ್ಮೂರಿನ ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ನಿಮ್ಮ ತಂದೆಯವರ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಮಳೆಗಾಲ ಮುಗಿದೊಡನೆ ನಮ್ಮಲ್ಲಿ ಹೊಳೆಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತಾರೆ. ಹರಿವು ಕ್ಷೀಣಿಸಿದ್ದರೂ ಹಲಗೆಯ ಹಿಂದೆ ನೀರಿನ ಮಟ್ಟ ಏರಿ ಪಕ್ಕದ ತೋಟಗಳಿಗೆ ಒಸರು ಸಿಗುತ್ತದೆ. ಆಂಜಿಯೋಟೆನ್ಸಿನ್ 2 ನೆಫ್ರಾನಿನಿಂದ ರಕ್ತ ಹೊರಗೊಯ್ಯುವ ನಾಳವನ್ನು ಹೆಚ್ಚಾಗಿ ಬಿಗಿದು ಇದೇ ಕೆಲಸ ಮಾಡುತ್ತದೆ. ರಕ್ತದ ಹರಿವು ಕಡಿಮೆಯಾದ ದಿನವೂ ಸೋಸುವ ಉಂಡೆಯೊಳಗಿನ ಒತ್ತಡ ಬೀಳದಂತೆ ಹಲಗೆ ಹಾಕುತ್ತದೆ. ಆದರೆ ಒಳಹರಿವು ತುಂಬಿರುವಾಗಲೂ ಹಲಗೆ ಹಾಗೇ ಇದ್ದರೆ ಕಟ್ಟದ ಬದುವಿಗೇ ಅಪಾಯ. ರಕ್ತದೊತ್ತಡ ಅಥವಾ ಮಧುಮೇಹ ಇರುವವರಲ್ಲಿ ಆ ನವುರಾದ ಉಂಡೆ ವರ್ಷಗಟ್ಟಲೆ ಅತಿಯಾದ ಒತ್ತಡ ತಿಂದು ಹಾಳಾಗುತ್ತದೆ, ಮೂತ್ರದಲ್ಲಿ ಪ್ರೋಟೀನು ಸೋರತೊಡಗುತ್ತದೆ. ಟೆಲ್ಮಿಸಾರ್ಟಾನ್ ಆ ಹಲಗೆಯನ್ನು ಸಡಿಲಿಸುತ್ತದೆ. ಆಂಜಿಯೋಟೆನ್ಸಿನ್ 2 ತಯಾರಾಗುತ್ತಲೇ ಇರುತ್ತದೆ, ಅದು ಹೋಗಿ ಕೂರಬೇಕಾದ ಜಾಗದಲ್ಲಿ ಮಾತ್ರೆ ಮೊದಲೇ ಕುಳಿತಿರುತ್ತದೆ. ಹೀಗಾಗಿ ಸಾಮಾನ್ಯ ದಿನಗಳಲ್ಲಿ ಅದು ಮೂತ್ರಪಿಂಡವನ್ನು ಕಾಯುವ ಔಷಧವೇ ಹೊರತು ಕೆಡಿಸುವುದಲ್ಲ.

ಈಗ ಏಕಾದಶಿಗೆ ಬನ್ನಿ. ನೀರು, ಅನ್ನ, ಉಪ್ಪು ಮೂರೂ ಇಲ್ಲದೆ ಒಂದು ಹಗಲು ಒಂದು ರಾತ್ರಿ ಕಳೆದಾಗ ಬೆವರಿನಲ್ಲೂ ಉಸಿರಿನಲ್ಲೂ ಮೂತ್ರದಲ್ಲೂ ನೀರು ಹೋಗುತ್ತಲೇ ಇರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿನ ಪಾಲು ಸಣ್ಣದಲ್ಲ. ಐವತ್ತು ವರ್ಷ ನಿಮ್ಮ ತಂದೆಯವರು ದ್ವಾದಶಿಯ ಬೆಳಿಗ್ಗೆ ನೆಟ್ಟಗೆ ಎದ್ದು ನಿಲ್ಲುತ್ತಿದ್ದುದಕ್ಕೆ ರಾತ್ರಿಯಿಡೀ ದುಡಿದ ಈ ರೆನಿನ್ ಬಹುಮಟ್ಟಿಗೆ ಕಾರಣ. ಈಗಲೂ ರೆನಿನ್ ಹೊರಡುತ್ತದೆ, ಆದರೆ ಅದರ ಕೈ ಕಟ್ಟಿದೆ. ಜೊತೆಗಿರುವ ಹೈಡ್ರೋಕ್ಲೋರೋಥಯಾಜೈಡ್ ಉಪ್ಪು ನೀರುಗಳನ್ನು ಮತ್ತಷ್ಟು ಹೊರಹಾಕುತ್ತದೆ. ಈ ಎರಡನ್ನು ಜೋಡಿಸುವುದಕ್ಕೆ ಒಳ್ಳೆಯ ಕಾರಣವಿದೆ: ಒಂದು ಉಪ್ಪನ್ನು ಇಳಿಸಿದಾಗ ದೇಹ ರೆನಿನ್ ಏರಿಸಿ ಅದನ್ನು ಸರಿದೂಗಿಸಲು ನೋಡುತ್ತದೆ, ಇನ್ನೊಂದು ಆ ದಾರಿಯನ್ನು ಮುಚ್ಚುತ್ತದೆ. ಉಂಡು ಕುಡಿಯುವ ದಿನಗಳಲ್ಲಿ ಅದು ಸೊಗಸಾದ ಹೊಂದಾಣಿಕೆ. ನಿರ್ಜಲ ಉಪವಾಸದ ದಿನ ಅದೇ ಹೊಂದಾಣಿಕೆ ನೀವು ಅಳೆದ 86/58ಕ್ಕೆ ದಾರಿಯಾಗುತ್ತದೆ.

ಈ ತಿಳಿವಳಿಕೆ ಬಂದ ಬಗೆಯನ್ನೂ ಸ್ವಲ್ಪ ಹೇಳಬೇಕು, ತರಗತಿಯಲ್ಲಿ ನನಗೆ ಬಹಳ ಪ್ರಿಯವಾಗಿದ್ದ ಭಾಗ ಅದು. 1898ರಲ್ಲಿ ಸ್ಟಾಕ್‌ಹೋಮಿನ ಕ್ಯಾರೊಲಿನ್‌ಸ್ಕ ಸಂಸ್ಥೆಯಲ್ಲಿ ರಾಬರ್ಟ್ ಟೈಗರ್‌ಸ್ಟೆಡ್ ಮತ್ತು ಅವರ ವಿದ್ಯಾರ್ಥಿ ಪೇರ್ ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರವನ್ನು ಇತರ ಮೊಲಗಳ ರಕ್ತಕ್ಕೆ ಸೇರಿಸಿದಾಗ ಒತ್ತಡ ಏರಿದುದನ್ನು ಪ್ರಕಟಿಸಿದರು, ರೆನಿನ್ ಎಂಬ ಹೆಸರಿಟ್ಟವರೂ ಅವರೇ. ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ಹೆಚ್ಚಿನವರು ಗಮನಿಸಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಹಿಡಿಕೆಯಿಂದ ಸ್ವಲ್ಪ ಬಿಗಿದಾಗ ಇಡೀ ದೇಹದ ಒತ್ತಡ ಏರಿ ನಿಂತಿತು. ತನಗೆ ರಕ್ತ ಸಾಲದೆಂದು ತಿಳಿದ ಮೂತ್ರಪಿಂಡ ಇಡೀ ದೇಹದ ಒತ್ತಡವನ್ನೇ ಏರಿಸಿತ್ತು. ಅಲ್ಲಿಂದ ಸುಮಾರು ಐದು ವರ್ಷಗಳಲ್ಲಿ ಬ್ಯೂನಸ್ ಐರಿಸ್ ಮತ್ತು ಇಂಡಿಯಾನಾಪೊಲಿಸ್‌ನ ಎರಡು ತಂಡಗಳು ಒಂದೇ ವಸ್ತುವನ್ನು ಬೇರೆಬೇರೆಯಾಗಿ ಕಂಡುಹಿಡಿದು, ಒಬ್ಬರು ಹೈಪರ್‌ಟೆನ್ಸಿನ್ ಎಂದೂ ಇನ್ನೊಬ್ಬರು ಆಂಜಿಯೋಟೋನಿನ್ ಎಂದೂ ಕರೆದರು. 1958ರಲ್ಲಿ ಎರಡು ಹೆಸರುಗಳ ಅರ್ಧರ್ಧ ಸೇರಿಸಿ ಆಂಜಿಯೋಟೆನ್ಸಿನ್ ಎಂದು ಒಪ್ಪಿಕೊಂಡರು. ನಾಗಬನಗಳ ನಾಡಿನವರಾದ ನಮಗೆ ವಿಶೇಷವೆನಿಸುವ ಸಂಗತಿಯೂ ಇದರಲ್ಲಿದೆ: ಬ್ರೆಜಿಲಿನ ಜರಾರಾಕ ಎಂಬ ಹಾವಿನ ವಿಷದಲ್ಲಿದ್ದ ಅಂಶಗಳು ಎಸಿಇ ಕಿಣ್ವವನ್ನು ತಡೆಯುವುದನ್ನು ಕಂಡು, ಅದರ ಜಾಡು ಹಿಡಿದು ರೂಪಿಸಿದ ಕ್ಯಾಪ್ಟೊಪ್ರಿಲ್ ಮಾತ್ರೆ 1981ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ನಿಮ್ಮ ತಂದೆಯವರ ಮಾತ್ರೆಯ ವರ್ಗ ಅದರ ನಂತರದ ಪೀಳಿಗೆಯದು.


ಉತ್ತರ: ಔಷಧದಂಗಡಿಯವರು, ಕಾಪು

ಮೇಷ್ಟ್ರು ಮೂಲದಿಂದ ವಿವರಿಸಿದ್ದಾರೆ. ಇಪ್ಪತ್ತೆರಡು ವರ್ಷಗಳಿಂದ ಇವೇ ಮಾತ್ರೆಗಳನ್ನು ಕೊಡುತ್ತಿರುವವನಾಗಿ ನಾನು ಎರಡು ಮೂರು ಎಚ್ಚರಿಕೆಗಳನ್ನು ಸೇರಿಸುತ್ತೇನೆ.

ಮೊದಲನೆಯದು ನೋವಿನ ಮಾತ್ರೆ. ಗಂಟುನೋವಿಗೆಂದು ಚೀಟಿಯಿಲ್ಲದೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ಬರುವವರಲ್ಲಿ ಅರ್ಧದಷ್ಟು ಜನ ಬಿ.ಪಿ. ಮಾತ್ರೆಯನ್ನೂ ತೆಗೆದುಕೊಳ್ಳುವ ಹಿರಿಯರೇ. ಮೂತ್ರಪಿಂಡ ತನಗೆ ರಕ್ತ ತರುವ ನಾಳವನ್ನು ತೆರೆದಿಟ್ಟುಕೊಳ್ಳಲು ಪ್ರೊಸ್ಟಗ್ಲಾಂಡಿನ್ ಎಂಬ ಸ್ಥಳೀಯ ಹಾರ್ಮೋನುಗಳನ್ನು ತಯಾರಿಸಿಕೊಳ್ಳುತ್ತದೆ. ನೋವಿನ ಮಾತ್ರೆ ಆ ತಯಾರಿಯನ್ನು ನಿಲ್ಲಿಸುತ್ತದೆ. ಮೇಷ್ಟ್ರ ಹೋಲಿಕೆಯನ್ನೇ ಮುಂದುವರಿಸುವುದಾದರೆ, ಒಂದು ಮಾತ್ರೆ ಹೊಳೆಯ ನೀರನ್ನು ಇಳಿಸಿದೆ, ಇನ್ನೊಂದು ಕಟ್ಟದ ಹಲಗೆ ತೆಗೆದಿದೆ, ಅದರ ಮೇಲೆ ಮೂರನೆಯದು ಬಂದು ಮೇಲಿನ ತೋಡನ್ನೂ ಮುಚ್ಚುತ್ತದೆ. ಈ ಮೂರೂ ಕೂಡಿದಾಗ, ಅದರಲ್ಲೂ ವಾಂತಿಭೇದಿಯಾಗಿರುವಾಗ ಅಥವಾ ನೀರು ಕುಡಿಯದಿರುವಾಗ, ಒಳ್ಳೆಯ ಮೂತ್ರಪಿಂಡವೂ ಒಂದೆರಡು ದಿನಗಳಲ್ಲಿ ಕೆಲಸ ನಿಲ್ಲಿಸಬಹುದು. ನಿಮ್ಮ ತಂದೆಯವರಿಗೆ ಮೈಕೈ ನೋವಾದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಮಟ್ಟದಲ್ಲೇ ನಿಲ್ಲಿಸುವುದು ಒಳ್ಳೆಯದು.

ಎರಡನೆಯದು ಪೊಟ್ಯಾಸಿಯಂ. ಆಲ್ಡೋಸ್ಟೆರೋನ್ ಕಡಿಮೆಯಾದರೆ ಪೊಟ್ಯಾಸಿಯಂ ದೇಹದಲ್ಲೇ ಉಳಿಯುತ್ತದೆ. ಆದ್ದರಿಂದಲೇ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಇವುಗಳಲ್ಲಿ ಯಾವುದನ್ನು ಆರಂಭಿಸಿದರೂ ಎರಡರಿಂದ ನಾಲ್ಕು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಗೆ ಬರೆಯುತ್ತಾರೆ. ಅನೇಕರು ‘ಬಿ.ಪಿ. ಇಳಿದಿದೆಯಲ್ಲ’ ಎಂದು ಅದನ್ನು ಮಾಡಿಸುವುದೇ ಇಲ್ಲ. ಈಚೆಗೆ ಕಡಿಮೆ ಸೋಡಿಯಮ್ಮಿನ ಉಪ್ಪು ಎಂದು ಪೊಟ್ಟಣ ಬರುತ್ತದೆ, ಅದರಲ್ಲಿ ಸೋಡಿಯಮ್ಮಿನ ಒಂದು ಪಾಲಿನ ಬದಲಿಗೆ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಮೂತ್ರಪಿಂಡ ಕುಂದಿರುವವರು ಅದನ್ನು ಕೇಳದೆ ಬಳಸಬಾರದು. ಬೊಂಡದ ನೀರಿನಲ್ಲೂ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡ ಚೆನ್ನಾಗಿರುವವರಿಗೆ ಒಂದು ಬೊಂಡದಿಂದ ತೊಂದರೆಯಿಲ್ಲ.

ಇನ್ನು ನಮ್ಮೂರಿನ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚ, ಅದೂ ಎಲ್ಲ ಅಡುಗೆಯೂ ಸೇರಿ. ಗಂಜಿಯ ಜೊತೆ ಮಾವಿನಮಿಡಿ, ಹಪ್ಪಳ, ಮಳೆಗಾಲದಲ್ಲಿ ಉಪ್ಪುಸೊಳೆಯ ಪಲ್ಯ, ನಮ್ಮಂತಹ ಮೀನು ತಿನ್ನುವ ಮನೆಗಳಲ್ಲಿ ಒಣಮೀನಿನ ಚಟ್ನಿ ಇವೆಲ್ಲ ಸೇರಿದರೆ ಆ ಚಮಚ ಬೆಳಗಿನ ಗಂಜಿಗೇ ಮುಗಿಯುತ್ತದೆ. ಹೊಟ್ಟೆಯುಬ್ಬರಕ್ಕೆ ನೀರಿನಲ್ಲಿ ನೊರೆಯುಕ್ಕಿಸಿ ಕುಡಿಯುವ ಪುಡಿಯಲ್ಲೂ ಸೋಡಿಯಂ ತುಂಬಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ವಿಷಯ ಕೇಳಬೇಕಿತ್ತು: ನಿಮ್ಮ ತಂದೆಯವರು ಬೇರೆ ಯಾವುದಾದರೂ ಔಷಧ, ಕಷಾಯ, ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದಾರೆಯೇ?


ಮರುಪ್ರಶ್ನೆ: ಕುಂಜಿಬೆಟ್ಟಿನ ಮಗಳು, ಉಡುಪಿ

ಇಬ್ಬರಿಗೂ ಕೃತಜ್ಞತೆಗಳು. ಕಿಂಡಿ ಅಣೆಕಟ್ಟಿನ ಹೋಲಿಕೆಯನ್ನು ತಂದೆಯವರಿಗೆ ಓದಿ ಹೇಳಿದೆ. ತಮ್ಮ ಬಾಲ್ಯದಲ್ಲಿ ಹಲಗೆಗಳ ನಡುವೆ ಮಣ್ಣು ಮೆತ್ತಲು ಹೋಗುತ್ತಿದ್ದುದನ್ನು ನೆನಪಿಸಿಕೊಂಡು, ‘ಈಗ ಅರ್ಥವಾಯಿತು’ ಎಂದರು.

ನೋವಿನ ಮಾತ್ರೆಯ ಅಭ್ಯಾಸ ಅವರಿಗಿಲ್ಲ. ಬೇರೆ ಔಷಧವೂ ಇಲ್ಲ. ಸ್ವರ ಕೆಡಬಾರದೆಂದು ಜ್ಯೇಷ್ಠಮಧುವಿನ ಬೇರನ್ನು ಬಾಯಲ್ಲಿಟ್ಟುಕೊಂಡು ಜಗಿಯುವ ಅಭ್ಯಾಸ ಮಾತ್ರ ಎಂಟು ಹತ್ತು ವರ್ಷಗಳಿಂದ ಇದೆ. ತಾಳಮದ್ದಳೆಯ ದಿನಗಳಲ್ಲಿ ಮಾತ್ರವಿದ್ದುದು ಈಗ ಪ್ರತಿದಿನವೂ ಆಗಿದೆ, ರಾತ್ರಿ ಅದನ್ನೇ ಕುದಿಸಿದ ಕಷಾಯವನ್ನೂ ಕುಡಿಯುತ್ತಾರೆ. ಇದರಿಂದ ತೊಂದರೆಯಾಗಲಾರದು ಎಂದುಕೊಂಡಿದ್ದೇನೆ. ಏಕಾದಶಿಯ ದಿನ ಮಾತ್ರೆ ಬಿಟ್ಟುಬಿಡಬಹುದೇ ಎಂಬುದು ನನ್ನ ಈಗಿನ ಪ್ರಶ್ನೆ.


ಉತ್ತರ: ವೈದ್ಯೆ, ಮಣಿಪಾಲ

ನೀವು ಕೊನೆಗೆ ಬರೆದ ಜ್ಯೇಷ್ಠಮಧುವಿನ ಸಾಲು ಈ ಚರ್ಚೆಯಲ್ಲೇ ಮುಖ್ಯವಾದದ್ದು. ನಿಮ್ಮ ಮೊದಲ ಬರಹದಲ್ಲಿದ್ದ ಪೊಟ್ಯಾಸಿಯಂ 3.3 ಎಂಬ ಅಂಕಿಯನ್ನು ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಸಾಮಾನ್ಯವಾಗಿ ಅದು 3.5ರಿಂದ 5ರ ನಡುವೆ ಇರಬೇಕು. ಹೈಡ್ರೋಕ್ಲೋರೋಥಯಾಜೈಡ್ ಪೊಟ್ಯಾಸಿಯಮ್ಮನ್ನು ಇಳಿಸುತ್ತದೆ ನಿಜ, ಆದರೆ ನಿಮ್ಮ ತಂದೆಯವರ ಪೊಟ್ಯಾಸಿಯಂ ಆ ಮಾತ್ರೆಗೂ ಮೊದಲೇ ಕಡಿಮೆಯಿತ್ತು. ಒತ್ತಡ ಹೆಚ್ಚಾಗಿದ್ದು ಪೊಟ್ಯಾಸಿಯಂ ಕಡಿಮೆಯಿರುವ ರೋಗಿ ಎದುರು ಕುಳಿತಾಗ, ಮೂತ್ರಪಿಂಡಕ್ಕೆ ‘ಸೋಡಿಯಂ ಉಳಿಸು’ ಎಂಬ ಆದೇಶ ಎಲ್ಲಿಂದಲೋ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆಯೇ ಎಂದು ನಾವು ಯೋಚಿಸಬೇಕು.

ಜ್ಯೇಷ್ಠಮಧು, ಅಂದರೆ ಅತಿಮಧುರ, ಮಾಡುವುದು ಇದನ್ನೇ. ನಮ್ಮ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಆಲ್ಡೋಸ್ಟೆರೋನಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣದಲ್ಲಿರುತ್ತದೆ ಮತ್ತು ಆಲ್ಡೋಸ್ಟೆರೋನ್ ಕೂರುವ ಜಾಗದಲ್ಲಿ ತಾನೂ ಕೂರಬಲ್ಲದು. ಹಾಗಾಗದಂತೆ ಮೂತ್ರಪಿಂಡದ ಕೊಳವೆಯಲ್ಲಿರುವ ಒಂದು ಕಿಣ್ವ ಬಂದ ಕಾರ್ಟಿಸಾಲನ್ನು ಬಂದಹಾಗೆಯೇ ನಿಷ್ಕ್ರಿಯಗೊಳಿಸುತ್ತದೆ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರ್‌ಹೈಜಿನ್ ಎಂಬ ಅಂಶ ಆ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಒಳನುಗ್ಗಿ ಆಲ್ಡೋಸ್ಟೆರೋನಿನ ಕೆಲಸ ಮಾಡತೊಡಗುತ್ತದೆ: ಉಪ್ಪು ಉಳಿಯುತ್ತದೆ, ಒತ್ತಡ ಏರುತ್ತದೆ, ಪೊಟ್ಯಾಸಿಯಂ ಹೊರಹೋಗುತ್ತದೆ. ಗಂಟಲು ಕಟ್ಟಿದಾಗ ಎರಡು ದಿನ ಜಗಿದರೆ ಹೀಗಾಗುವುದಿಲ್ಲ. ಪ್ರತಿದಿನ ಬೇರು ಜಗಿದು, ರಾತ್ರಿ ಕಷಾಯವನ್ನೂ ಕುಡಿಯುವವರಲ್ಲಿ ಆಗಬಹುದು. ನಿಮ್ಮ ತಂದೆಯವರ ಒತ್ತಡಕ್ಕೆ ಇದೇ ಕಾರಣವೆಂದು ಅವರನ್ನು ನೋಡದೆ ನಾನು ಹೇಳಲಾರೆ. ಆದರೆ ಇಂದಿನಿಂದಲೇ ಅದನ್ನು ನಿಲ್ಲಿಸುವುದರಲ್ಲಿ ನಷ್ಟವೇನೂ ಇಲ್ಲ. ಇದರ ಪರಿಣಾಮ ಪೂರ್ತಿ ಇಳಿಯಲು ಕೆಲವು ವಾರಗಳೇ ಬೇಕಾಗಬಹುದು. ಇಳಿಯುತ್ತಾ ಹೋದಂತೆ ಈಗಿನ ಮಾತ್ರೆಯ ಪ್ರಮಾಣವೇ ಹೆಚ್ಚಾಗಬಹುದು, ಆದ್ದರಿಂದ ಪ್ರತಿದಿನ ಬೆಳಿಗ್ಗೆ ಕುಳಿತು ಒಮ್ಮೆ, ಎದ್ದು ನಿಂತು ಒಂದು ನಿಮಿಷ ಮತ್ತು ಮೂರು ನಿಮಿಷಗಳ ನಂತರ ಅಳೆದು ಬರೆದಿಡಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಬೇಕಾದ ಕುಸಿತ.

ಇದನ್ನು ಬಿಟ್ಟ ಮೇಲೂ ಪೊಟ್ಯಾಸಿಯಂ ಕಡಿಮೆಯೇ ಇದ್ದರೆ ಅಡ್ರಿನಲ್ ಗ್ರಂಥಿಯೇ ರೆನಿನ್ನಿನ ಮಾತು ಕೇಳದೆ ಆಲ್ಡೋಸ್ಟೆರೋನ್ ಸುರಿಸುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಈ ಕಾಯಿಲೆಯನ್ನು 1955ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ ವಿವರಿಸಿದರು. ರಕ್ತದಲ್ಲಿ ಆಲ್ಡೋಸ್ಟೆರೋನ್ ಮತ್ತು ರೆನಿನ್ ಎರಡನ್ನೂ ಒಟ್ಟಿಗೆ ಅಳೆದು ಅವುಗಳ ಅನುಪಾತ ನೋಡುತ್ತಾರೆ. ಈ ಕಾಯಿಲೆಯಲ್ಲಿ ಆಲ್ಡೋಸ್ಟೆರೋನ್ ಹೆಚ್ಚು, ರೆನಿನ್ ಕಡಿಮೆ. ಜ್ಯೇಷ್ಠಮಧುವಿನಿಂದಾದರೆ ಎರಡೂ ಕಡಿಮೆ. ಮೂತ್ರಪಿಂಡದ ಅಪಧಮನಿ ಕಿರಿದಾಗಿದ್ದರೆ, ಗೋಲ್ಡ್‌ಬ್ಲಾಟರ ನಾಯಿಗಳಲ್ಲಿ ಆದಂತೆ, ಸಾಮಾನ್ಯವಾಗಿ ಎರಡೂ ಹೆಚ್ಚು. ಟೆಲ್ಮಿಸಾರ್ಟಾನ್ ರೆನಿನ್ನನ್ನು ಏರಿಸುವುದರಿಂದ ಮಾತ್ರೆಯ ನಡುವೆ ಮಾಡಿಸಿದ ಪರೀಕ್ಷೆಯನ್ನು ಓದುವುದಕ್ಕೆ ಎಚ್ಚರ ಬೇಕು, ಪೊಟ್ಯಾಸಿಯಮ್ಮನ್ನೂ ಮೊದಲು ಸರಿಪಡಿಸಿಕೊಳ್ಳಬೇಕು. ಇದನ್ನು ನಿಮ್ಮ ವೈದ್ಯರ ತೀರ್ಮಾನಕ್ಕೇ ಬಿಡಿ, ನೀವಾಗಿ ಪ್ರಯೋಗಾಲಯಕ್ಕೆ ಹೋಗಿ ಮಾಡಿಸಬೇಡಿ.

ಏಕಾದಶಿಯ ಪ್ರಶ್ನೆ. ನೀವಾಗಿಯೇ ಮಾತ್ರೆ ಬಿಡಬೇಡಿ, ಆದರೆ ಹನ್ನೆರಡು ದಿನ ಕಾಯಲೂ ಬೇಡಿ. ಈ ಏಕಾದಶಿಗೆ ಮೊದಲೇ ವೈದ್ಯರಿಗೆ ದೂರವಾಣಿ ಮಾಡಿ 86/58 ಎಂಬ ಅಂಕಿಯನ್ನೂ, ಉಪವಾಸ ನೀರೂ ಇಲ್ಲದ್ದು ಎಂಬುದನ್ನೂ ಸ್ಪಷ್ಟವಾಗಿ ಹೇಳಿ. ಉಪವಾಸವೆಂದರೆ ಹಾಲು ಹಣ್ಣು ಇರುತ್ತದೆಂದು ಭಾವಿಸುವ ವೈದ್ಯರೇ ಹೆಚ್ಚು. ವಾಂತಿಭೇದಿಯಾದಾಗ ಈ ಎರಡೂ ಔಷಧಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುವ ಪದ್ಧತಿ ಇದೆ. ನಿರ್ಜಲ ಉಪವಾಸದ ದಿನಕ್ಕೂ ಅದೇ ತರ್ಕದಲ್ಲಿ ಅವರು ಮಾತ್ರೆ ಬದಲಿಸಬಹುದು, ಸಮಯ ಬದಲಿಸಬಹುದು ಅಥವಾ ನೀರಿಳಿಸುವ ಅಂಶವನ್ನೇ ತೆಗೆದುಹಾಕಬಹುದು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, 68ರ ಹರೆಯದಲ್ಲಿ, ಈ ಸೆಕೆಯಲ್ಲಿ, ಬಾವಿಕಟ್ಟೆಯ ಬಳಿ ಕಣ್ಣು ಕತ್ತಲೆ ಬಂದವರು ನೀರನ್ನಾದರೂ ಕುಡಿಯಬೇಕು. ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಬಂದ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಎಂಟರಿಂದ ಎಂಬತ್ತರವರೆಗೆ ಏಕಾದಶಿ ಕಡ್ಡಾಯವೆಂಬ ಮಾತನ್ನು ನನ್ನ ಅಜ್ಜನೂ ಹೇಳುತ್ತಿದ್ದರು. ಅಶಕ್ತರಿಗೆ ಏನು ವಿನಾಯಿತಿ ಎಂಬುದನ್ನು ತಂದೆಯವರು ತಮ್ಮ ಗುರುಗಳಲ್ಲೇ ಕೇಳಲಿ. ಆ ಮಾತು ನನ್ನ ಬಾಯಿಂದ ಬರುವುದಕ್ಕಿಂತ ಅಲ್ಲಿಂದ ಬಂದರೆ ಅವರಿಗೆ ಸಮಾಧಾನವಾಗುತ್ತದೆ.


ಉತ್ತರ: ಗೃಹಿಣಿ, ಕುಂದಾಪುರ

ನಾನು ವೈದ್ಯಳಲ್ಲ. ನನ್ನ ಯಜಮಾನರಿಗೆ ಮಧುಮೇಹದಿಂದ ಎರಡೂ ಮೂತ್ರಪಿಂಡಗಳು ಸೋತು ನಾಲ್ಕು ವರ್ಷಗಳಿಂದ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ನಡೆಯುತ್ತಿದೆ. ಮೂತ್ರಪಿಂಡದ ಕೆಲಸವೆಂದರೆ ಮೂತ್ರ ಮಾಡುವುದು ಮಾತ್ರ ಎಂದುಕೊಂಡಿದ್ದ ನಾವು, ಅದು ಎಷ್ಟು ಹಾರ್ಮೋನುಗಳ ಮನೆ ಎಂಬುದನ್ನು ಅದು ಸೋತ ಮೇಲೆ ಕಲಿತೆವು. ಮೂಳೆಮಜ್ಜೆಗೆ ರಕ್ತಕಣ ತಯಾರಿಸಲು ಹೇಳುವ ಎರಿತ್ರೋಪೊಯೆಟಿನ್ ಹಾರ್ಮೋನು ಮೂತ್ರಪಿಂಡದಿಂದಲೇ ಬರಬೇಕಂತೆ. ಅದು ಬಾರದೆ ಅವರ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು, ಈಗ ಅದರ ಚುಚ್ಚುಮದ್ದು ಕೊಡುತ್ತಾರೆ. ಆ ಚುಚ್ಚುಮದ್ದಿನಿಂದ ಒತ್ತಡ ಏರಬಹುದೆಂದು ಪ್ರತಿ ಬಾರಿಯೂ ಮೊದಲು ಬಿ.ಪಿ. ನೋಡುತ್ತಾರೆ. ವಿಟಮಿನ್ ಡಿಯನ್ನು ಕೊನೆಯ ಹಂತದಲ್ಲಿ ಚುರುಕುಗೊಳಿಸುವುದೂ ಮೂತ್ರಪಿಂಡವೇ ಆದ್ದರಿಂದ ಅದರ ಸಿದ್ಧರೂಪವನ್ನೂ ಮಾತ್ರೆಯಾಗಿ ಕೊಟ್ಟಿದ್ದಾರೆ.

ಮೂತ್ರ ಮಾಡಲಾಗದ ಮೂತ್ರಪಿಂಡವೂ ರೆನಿನ್ ಕಳಿಸುವುದನ್ನು ನಿಲ್ಲಿಸಬೇಕೆಂದಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದಾಗ ನನಗೆ ಸಂಕಟವಾಯಿತು. ಅವರ ಒತ್ತಡಕ್ಕೆ ನಾಲ್ಕು ಬಗೆಯ ಮಾತ್ರೆಗಳಿವೆ. ಹಿಂದೆ ಆರು ವರ್ಷ ಮೊದಲೇ ಮೂತ್ರದಲ್ಲಿ ಪ್ರೋಟೀನು ಕಂಡಾಗ ಒಬ್ಬ ವೈದ್ಯರು ರಾಮಿಪ್ರಿಲ್ ಬರೆದಿದ್ದರು. ಒಣಕೆಮ್ಮು ಬಂತೆಂದು ನಾವೇ ನಿಲ್ಲಿಸಿಬಿಟ್ಟೆವು, ಮರಳಿ ಹೋಗಿ ಹೇಳಲಿಲ್ಲ. ಕೆಮ್ಮು ಬಂದವರಿಗೆ ಟೆಲ್ಮಿಸಾರ್ಟಾನ್ ವರ್ಗದ ಮಾತ್ರೆ ಕೊಡಬಹುದಿತ್ತೆಂದು ಈಗ ತಿಳಿಯಿತು. ಮಗಳೇ, ನಿಮ್ಮ ತಂದೆಯವರಿಗೆ ತಲೆಸುತ್ತು ಬಂದಿತೆಂದು ಮಾತ್ರೆಯನ್ನೇ ಬಿಡಿಸಬೇಡಿ, ಹೋಗಿ ಹೇಳಿ ಬದಲಿಸಿಕೊಳ್ಳಿ.


ಮಾಹಿತಿ: ಕುಂಜಿಬೆಟ್ಟಿನ ಮಗಳು, ಉಡುಪಿ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಮಣಿಪಾಲದ ಡಾಕ್ಟರಮ್ಮ ಹೇಳಿದಂತೆ ಮರುದಿನವೇ ನಮ್ಮ ವೈದ್ಯರಿಗೆ ದೂರವಾಣಿ ಮಾಡಿದೆ. ಜ್ಯೇಷ್ಠಮಧುವಿನ ವಿಷಯ ಕೇಳಿ ಅವರು ಒಂದು ಕ್ಷಣ ಸುಮ್ಮನಾಗಿ, ‘ನಾನು ಇದನ್ನು ಮೊದಲೇ ಕೇಳಬೇಕಿತ್ತು’ ಎಂದರು. ಜೋಡಿ ಮಾತ್ರೆಯನ್ನು ನಿಲ್ಲಿಸಿ ಟೆಲ್ಮಿಸಾರ್ಟಾನ್ ಒಂದನ್ನೇ ಮುಂದುವರಿಸಿದ್ದಾರೆ, ಏಕಾದಶಿಯ ದಿನ ಅದನ್ನು ಬಿಟ್ಟು ದ್ವಾದಶಿಯ ಪಾರಣೆಯಾದ ಮೇಲೆ ಒತ್ತಡ ಅಳೆದು ತೆಗೆದುಕೊಳ್ಳಲು ಹೇಳಿದ್ದಾರೆ. ತಂದೆಯವರು ಗುರುಗಳಲ್ಲಿ ಕೇಳಿ ಬಂದು, ಕಳೆದ ಏಕಾದಶಿಯಂದು ಹಗಲಿಡೀ ಆಗಾಗ ನೀರು ಕುಡಿದರು. ದ್ವಾದಶಿಯ ಬೆಳಿಗ್ಗೆ ಕುಳಿತಲ್ಲಿ 128/78, ನಿಂತಾಗ 120/76 ಇತ್ತು.

ಜ್ಯೇಷ್ಠಮಧು ಬಿಟ್ಟು ಹತ್ತೊಂಬತ್ತು ದಿನಗಳಾದವು. ನಿನ್ನೆಯ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 4.2, ಕ್ರಿಯಾಟಿನಿನ್ 1.1 ಬಂದಿದೆ. ಮಾತ್ರೆಯ ಬದಲಾವಣೆಯೂ ಅದೇ ಸಮಯದಲ್ಲಿ ಆದುದರಿಂದ ಪೊಟ್ಯಾಸಿಯಂ ಏರಿದ್ದರಲ್ಲಿ ಯಾವುದರ ಪಾಲು ಎಷ್ಟೆಂದು ಈಗಲೇ ಹೇಳಲಾಗದು ಎಂದು ವೈದ್ಯರು ಹೇಳಿದರು. ಇನ್ನೊಂದು ತಿಂಗಳು ಮನೆಯ ಅಳತೆಗಳನ್ನು ನೋಡಿ, ಅಗತ್ಯವಿದ್ದರೆ ಆಲ್ಡೋಸ್ಟೆರೋನ್ ಮತ್ತು ರೆನಿನ್ ಪರೀಕ್ಷೆಗೆ ಬರೆಯುತ್ತಾರಂತೆ. ಬರುವ ಶನಿವಾರ ತಂದೆಯವರಿಗೆ ತಾಳಮದ್ದಳೆಯಿದೆ. ಗಂಟಲಿಗೆ ಈ ಬಾರಿ ಬಿಸಿನೀರು ಸಾಕೆಂದು ಒಪ್ಪಿದ್ದಾರೆ.